ಮೂರನೇ ಅಂಕಣದ ದನಿ

ಟೆನಿಸ್ ಸಂಘದ ಮಾನ್ಯ ಅಧ್ಯಕ್ಷರೇ, ಅವರ ಪಕ್ಕದಲ್ಲಿ ಕೂತು ಆಗಲೇ ಎರಡು ಸಲ ಕೈಗಡಿಯಾರ ನೋಡಿಕೊಂಡಿರುವ ಮುಖ್ಯ ಅತಿಥಿಗಳೇ, ಈ ಸಮಾರಂಭಕ್ಕಾಗಿ ಓಡಾಡಿ ಚಪ್ಪಲಿ ಸವೆಸಿದ ಕಾರ್ಯದರ್ಶಿಗಳೇ, ಚೆಂಡು ನೋಡುವ ಯಂತ್ರವನ್ನು ಮಗುವಿನಂತೆ ಸಾಕುತ್ತಿರುವ ಇಂಜಿನಿಯರಮ್ಮನವರೇ, ಎರಡನೇ ಸಾಲಿನಲ್ಲಿ ಕೈಕಟ್ಟಿ ಕೂತಿರುವ ನಮ್ಮ ಎಡಗೈ ಕೋಚಮ್ಮನವರೇ, ಆಟಗಾರ ಮಕ್ಕಳೇ, ಅವರನ್ನು ಕರೆತಂದ ತಪ್ಪಿಗೆ ಹಿಂದಿನ ಸಾಲಿನಲ್ಲಿ ಆಕಳಿಸುತ್ತಿರುವ ತಂದೆ ತಾಯಂದಿರೇ, ಒಟ್ಟಿನಲ್ಲಿ ಸಮಸ್ತ ಸಭಿಕರೇ,

ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಇಪ್ಪತ್ತೇಳು ವರ್ಷ ಒಂದೇ ಒಂದು ಮಾತನ್ನು ಕೂಗಿ ಹೊಟ್ಟೆ ಹೊರೆದವನಿಗೆ ಹದಿನೈದು ನಿಮಿಷವೆಂದರೆ ಬರಗೆಟ್ಟವನನ್ನು ಊಟಕ್ಕೆ ಕೂರಿಸಿದ ಹಾಗೆ. ಆ ಮಾತು ಯಾವುದೆಂದು ಇಲ್ಲಿ ಯಾರಿಗಾದರೂ ಹೇಳಬೇಕೇ? ಔಟ್!

ನೋಡಿದಿರಾ, ಮುಂದಿನ ಸಾಲಿನ ಮಗು ಹೇಗೆ ಬೆಚ್ಚಿಬಿತ್ತು! ಅಳಬೇಡ ಪುಟ್ಟಿ. ನಾನು ನಿಮ್ಮ ಔಟ್ ಮಾಮನೇ.

ಸ್ವಾಗತ ಭಾಷಣದಲ್ಲಿ ಕಾರ್ಯದರ್ಶಿಗಳು ನನ್ನನ್ನು ಬಾಯಿತುಂಬ ಹೊಗಳಿದರು. ಅದು ನಾನೇ ಬರೆದುಕೊಟ್ಟದ್ದರಲ್ಲಿ ಅರ್ಧ. ಉಳಿದರ್ಧವನ್ನು ಅವರು ಬಿಟ್ಟುಬಿಟ್ಟರು, ಆದ್ದರಿಂದ ಈಗ ನಾನೇ ಹೇಳಬೇಕಾಗಿದೆ. ನಾನು ಓದಿದ್ದು ಏಳನೇ ಕ್ಲಾಸು, ಅದೂ ಹಳ್ಳಿಯ ಒಂದೇ ಕೋಣೆಯ ಶಾಲೆಯಲ್ಲಿ. ಲೆಕ್ಕದಲ್ಲಿ ನನಗೆ ಸಿಕ್ಕ ಸೊನ್ನೆಗಳನ್ನು ಸಾಲಾಗಿ ಜೋಡಿಸಿದ್ದರೆ ಒಂದು ರೈಲು ಆಗುತ್ತಿತ್ತು. ಆದರೆ ಮೇಷ್ಟರು ಎಸೆದ ಸೀಮೆಸುಣ್ಣದ ಚೂರು ಯಾರ ತಲೆಯ ಮೇಲೆ ಬೀಳುತ್ತದೆಂದು, ಅದು ಅವರ ಕೈ ಬಿಡುವ ಮೊದಲೇ ನಾನು ಹೇಳುತ್ತಿದ್ದೆ. ಹೆಚ್ಚಾಗಿ ನನ್ನ ತಲೆಯ ಮೇಲೇ ಬೀಳುತ್ತಿತ್ತು, ಅದು ಬೇರೆ ಮಾತು. ಇವತ್ತು ಹನ್ನೆರಡು ಕ್ಯಾಮೆರಾ, ನಾಲ್ಕು ಕಂಪ್ಯೂಟರು ಸೇರಿ ಮಾಡುವ ಕೆಲಸವನ್ನು ಹರಕು ಚಡ್ಡಿಯ ಹುಡುಗನೊಬ್ಬ ಆಗಲೇ ಮಾಡಿ ತೋರಿಸಿದ್ದ ಎಂಬುದು ದಾಖಲಾಗಲಿ.

ಈ ಕ್ಲಬ್ಬಿಗೆ ನಾನು ಬಂದದ್ದು ಗೆರೆಗಳಿಗೆ ಬಣ್ಣ ಬಳಿಯಲು. ಸಿಮೆಂಟಿನ ಅಂಕಣ, ಬಿಳಿ ಪೇಂಟು, ಎರಡು ಇಂಚಿನ ಬ್ರಷ್ಷು. ಒಂದು ದಿನ ಗೆರೆ ನೋಡುವ ತೀರ್ಪುಗಾರನಿಗೆ ಹೊಟ್ಟೆನೋವು ಬಂತು. ಆಗಿನ ಕಾರ್ಯದರ್ಶಿ ನನ್ನ ಕೈಯಿಂದ ಬ್ರಷ್ಷು ಕಿತ್ತುಕೊಂಡು, "ಗೆರೆ ಎಳೆದೋನು ನೀನೇ ತಾನೆ? ಹಾಗಾದ್ರೆ ಕೂತ್ಕೊಂಡು ನೋಡು" ಎಂದರು. ಕೂತೆ. ಇಪ್ಪತ್ತೇಳು ವರ್ಷ ಏಳಲಿಲ್ಲ.

ತಂದೆ ತಾಯಂದಿರಲ್ಲಿ ಕೆಲವರಿಗೆ ಈ ಕೆಲಸದ ಪದ್ಧತಿ ಗೊತ್ತಿರಲಾರದು. ಚೆಂಡು ಗೆರೆಯ ಹೊರಗೆ ಬಿದ್ದರೆ ಕೈ ಚಾಚಿ ಕೂಗಬೇಕು. ಒಳಗೆ ಬಿದ್ದರೆ ಕೂಗುವಂತಿಲ್ಲ, ಅಂಗೈಗಳನ್ನು ನೆಲದ ಕಡೆಗೆ ಹಿಡಿದು ಸುಮ್ಮನಿರಬೇಕು. ಮೂರನೆಯ ಸನ್ನೆಯೊಂದಿದೆ. ಚೆಂಡು ಬಿದ್ದದ್ದು ಕಾಣದಿದ್ದರೆ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಳ್ಳಬೇಕು. 'ನನಗೆ ಕಾಣಲಿಲ್ಲ, ಬೇರೆ ಯಾರಾದರೂ ಹೇಳಿ' ಎಂದರ್ಥ. ಅದರಲ್ಲಿ ನಾಚಿಕೆಯೇನಿಲ್ಲ, ನಿಯಮದ ಪುಸ್ತಕದಲ್ಲೇ ಇದೆ. ಎಂಥೆಂಥ ಹೆಸರುವಾಸಿಗಳು ವರ್ಷಕ್ಕೆ ಐದಾರು ಸಲ ಕಣ್ಣು ಮುಚ್ಚಿಕೊಂಡಿದ್ದಾರೆ. ಆದರೆ ನಾನು? ಇಪ್ಪತ್ತೇಳು ವರ್ಷದಲ್ಲಿ ಒಂದು ಸಲ? ಅರ್ಧ ಸಲ? ಇಲ್ಲ ಸ್ವಾಮಿ. ಹೊಸಬರು ಬಂದಾಗ ದೂರದಿಂದ ನನ್ನನ್ನು ತೋರಿಸಿ, "ಅಗೋ, ಕಣ್ಣು ಮುಚ್ಚದ ಮನುಷ್ಯ" ಎನ್ನುತ್ತಿದ್ದರು. ನಾನು ಕೇಳಿಸದವನ ಹಾಗೆ ಮೀಸೆ ತಿರುವುತ್ತಿದ್ದೆ.

ಇರಲಿ, ಇವತ್ತಿನ ವಿಷಯಕ್ಕೆ ಬರುತ್ತೇನೆ. ಆಮಂತ್ರಣ ಪತ್ರಿಕೆಯಲ್ಲಿ 'ಬೀಳ್ಕೊಡುಗೆ' ಎಂದಿದೆ. ಬೀಳ್ಕೊಡುವುದು ಯಾರನ್ನು? ನಾನು ಕುರ್ಚಿ ಬಿಟ್ಟು ಮೂರು ವರ್ಷವಾಯಿತು. ನೀವು ಈಗ ಬೀಳ್ಕೊಡುತ್ತಿರುವುದು ನನ್ನ ದನಿಯನ್ನು. ಇವತ್ತು ಮಧ್ಯಾಹ್ನ ಮೂರು ಗಂಟೆಗೆ ಯಂತ್ರವನ್ನು ನಿಲ್ಲಿಸಿದ್ದಾರೆ. ನಾಳೆ ಬೆಳಗ್ಗೆ ಮತ್ತೆ ಶುರು ಮಾಡಿದಾಗ ಅದು ಯಾರೋ ಒಬ್ಬ ಹೆಣ್ಣುಮಗಳ ದನಿಯಲ್ಲಿ ಕೂಗುತ್ತದೆ. ನಾನೂ ಕೇಳಿದೆ, ಜೇನಿನಂಥ ದನಿ. ಔಟಾದವನಿಗೂ ಬೇಜಾರಾಗಲಿಕ್ಕಿಲ್ಲ. ಇದರಿಂದ ಆಟಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೆ ಮೂರನೇ ಅಂಕಣದ ಗೋಡೆಯಾಚೆಯ ಮನೆಯಲ್ಲಿ ಒಬ್ಬಳಿದ್ದಾಳೆ. ನಾಳೆ ಬೆಳಗ್ಗೆಯಿಂದ ಅವಳಿಗೆ ಗಂಡ ಇಲ್ಲದಂತಾಗುತ್ತದೆ. ಆ ಗಂಡ ಬದುಕಿದ್ದಾನೆ, ಗಟ್ಟಿಯಾಗಿದ್ದಾನೆ, ನಿಮ್ಮೆದುರು ಮೈಕು ಹಿಡಿದು ನಿಂತಿದ್ದಾನೆ. ಆದರೂ ಹಾಗೇ.

ಮುಖ್ಯ ಅತಿಥಿಗಳು ಗಡಿಯಾರ ಮರೆತರು. ಒಳ್ಳೆಯದು, ಮೊದಲಿನಿಂದ ಹೇಳುತ್ತೇನೆ.

ಮೂರು ವರ್ಷದ ಹಿಂದೆ ಕಂಬಗಳ ಮೇಲೆ ಕ್ಯಾಮೆರಾಗಳು ಬಂದವು. ಚೆಂಡು ರ್ಯಾಕೆಟ್ಟಿನಿಂದ ಹೊರಟ ಕ್ಷಣದಿಂದ ನೆಲ ಮುಟ್ಟುವವರೆಗೆ ಹನ್ನೆರಡು ಕಣ್ಣು ಅದರ ಬೆನ್ನು ಹತ್ತುತ್ತವೆ. ಎಲ್ಲಿ ಬಿತ್ತು, ಗೆರೆಯಿಂದ ಎಷ್ಟು ದೂರ, ಸಾಸಿವೆ ಕಾಳಿನಷ್ಟು ಲೆಕ್ಕ ತಪ್ಪುವುದಿಲ್ಲ. ಗೆರೆ ನೋಡುವ ನಾವು ಒಂಬತ್ತು ಜನರಿದ್ದೆವು. ಒಂಬತ್ತೂ ಜನರ ಫೋನಿಗೆ ಒಂದೇ ಸಂದೇಶ ಬಂತು: ಸೋಮವಾರದಿಂದ ಬರಬೇಕಾಗಿಲ್ಲ, ಧನ್ಯವಾದಗಳು. ಕಾರ್ಯದರ್ಶಿಗಳೇ, ತಲೆ ತಗ್ಗಿಸಬೇಡಿ, ಆಗ ನೀವು ಇರಲಿಲ್ಲ.

ಆದರೆ ಒಂದು ವಾರಕ್ಕೆ ನನಗೊಬ್ಬನಿಗೆ ಕರೆ ಬಂತು. ಇದೇ ಇಂಜಿನಿಯರಮ್ಮ. "ಮಾಮ, ಯಂತ್ರಕ್ಕೆ ಕಣ್ಣಿದೆ, ಗಂಟಲಿಲ್ಲ. ನಿಮ್ಮದು ಬೇಕು" ಎಂದರು. ಒಂಬತ್ತು ಜನರಲ್ಲಿ ನನ್ನ ಗಂಟಲೇ ಏಕೆ? ಹೇಳಿದರೆ ಜಂಭವಾಗುತ್ತದೆ. ಆದರೂ ಹೇಳುತ್ತೇನೆ: ಅಷ್ಟು ನಂಬಿಕೆ ಬರಿಸುವ ದನಿ ಇನ್ಯಾರಿಗೂ ಇರಲಿಲ್ಲ.

ಗೋಡೆಗೆಲ್ಲ ಸ್ಪಂಜು ಹೊಡೆದ ಕೋಣೆಯಲ್ಲಿ ನನ್ನನ್ನು ನಿಲ್ಲಿಸಿದರು. ನೀವು ಅಂಥ ಕೋಣೆಯಲ್ಲಿ ನಿಂತಿದ್ದೀರಾ? ಕೂಗಿದ ದನಿ ಎಲ್ಲಿಗೂ ತಾಗದೆ ಕತ್ತರಿಸಿದ ಹಾಗೆ ಬಿದ್ದುಹೋಗುತ್ತದೆ. ನಾನು ನುಂಗಿದ ಉಗುಳಿನ ಸದ್ದು ನನಗೇ ಕೇಳುತ್ತಿತ್ತು. ಮೂರು ಬಗೆಯ 'ಔಟ್' ಬೇಕೆಂದರು. ಚೆಂಡು ದೂರ ಬಿದ್ದರೆ ಒಂದು ಬಗೆ, ಸಾವಧಾನದ್ದು. ಹತ್ತಿರ ಬಿದ್ದರೆ ಇನ್ನೊಂದು, ಚುರುಕಿನದು. ಗೆರೆಗೆ ತಾಗಿತೋ ಇಲ್ಲವೋ ಎನ್ನುವ ಹಾಗೆ ಬಿದ್ದರೆ ಮೂರನೆಯದು, ಕೇಳಿದವರು ಎದುರು ಮಾತಾಡಬಾರದು, ಅಂಥದ್ದು. ಮೊದಲೆರಡು ಸಲೀಸಾಗಿ ಬಂದವು. ಮೂರನೆಯದು ಬರಲೇ ಇಲ್ಲ. ಇಪ್ಪತ್ತು ಸಲ ಕೂಗಿದೆ. ಇಂಜಿನಿಯರಮ್ಮ ಗಾಜಿನಾಚೆಯಿಂದ, "ಮಾಮ, ನಿಜವಾದ ಒಂದು ಚೆಂಡನ್ನ ನೆನಪು ಮಾಡ್ಕೊಳ್ಳಿ, ಕಣ್ಣು ಮುಚ್ಚಿ" ಎಂದರು. ಮುಚ್ಚಿದೆ. ನಾನು ತೀರ್ಪು ಕೊಟ್ಟ ಲಕ್ಷಾಂತರ ಚೆಂಡುಗಳಲ್ಲಿ ಒಂದೇ ಒಂದು ಚೆಂಡು ಬಂತು. ಕರೆಯದೆ ಬಂತು. ಬಾಯಿ ತಾನಾಗಿ ತೆರೆಯಿತು.

"ಇದೇ! ಇದೇ ಬೇಕಾಗಿದ್ದಿದ್ದು!"

"ಇನ್ನೊಂದು ಸಲ ಮಾಡೋಣವಾ ಅಮ್ಮಾ? ಇದು ಬೇಡ."

"ಸುಮ್ನಿರಿ ಮಾಮ, ಇಂಥದ್ದು ಇನ್ನೊಂದು ಸಲ ಬರಲ್ಲ."

ಅದು ಯಾವ ಚೆಂಡು? ಆ ಮಾತಿಗೆ ಬರಬೇಕಾಗುತ್ತದೆ, ಬರುತ್ತೇನೆ.

ಮಾರನೇ ವಾರ ಒಂದು ಬೆಳಗ್ಗೆ ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದೆ. ಬಾಯಿತುಂಬ ನೊರೆ. ಗೋಡೆಯಾಚೆಯಿಂದ ನಾನು ಕೂಗಿದೆ. ಔಟ್. ನನ್ನ ಬಾಯಿ ಮುಚ್ಚಿತ್ತು ಸಭಿಕರೇ, ನೊರೆ ಗದ್ದದ ಮೇಲೆ ಇಳಿಯುತ್ತಿತ್ತು. ಮತ್ತೆ ಔಟ್. ಸ್ಟೂಲು ಹತ್ತಿ ಗವಾಕ್ಷಿಯಲ್ಲಿ ನೋಡಿದೆ. ಅಂಕಣದಲ್ಲಿ ಆಟಗಾರರಿಲ್ಲ, ಅಂಪೈರಿಲ್ಲ, ನನ್ನ ಕುರ್ಚಿಯಿದ್ದ ಜಾಗದಲ್ಲಿ ನಾಲ್ಕು ಬೋಲ್ಟಿನ ತೂತು. ಇಂಜಿನಿಯರಮ್ಮ ಒಬ್ಬರೇ ಮೊಣಕಾಲೂರಿ, ಯಂತ್ರದ ಪರೀಕ್ಷೆಗೆಂದು ಒಂದೊಂದೇ ಚೆಂಡನ್ನು ಕೈಯಿಂದ ಉರುಳಿಸುತ್ತಿದ್ದರು. ಪ್ರತಿ ಚೆಂಡಿಗೂ ಕಂಬದ ಮೇಲಿನ ಧ್ವನಿವರ್ಧಕದ ಹಾರ್ನಿನಿಂದ ನಾನು.

ಮೊದಮೊದಲು ಹೆಮ್ಮೆಯಾಯಿತು. ಪೇಪರಿನವನಿಗೆ, ಹಾಲಿನವನಿಗೆ, ಎಲ್ಲರಿಗೂ ಗೋಡೆ ತೋರಿಸಿ "ಯಾರು ಹೇಳಿ?" ಎನ್ನುತ್ತಿದ್ದೆ. ನನ್ನ ಹೆಂಡತಿ ಮಾತ್ರ ಕಿಟಕಿಗೆ ಕಿವಿಯಿಟ್ಟು ಕೂತಳು.

ಅವಳ ವಿಷಯ ಸ್ವಲ್ಪ ಹೇಳಬೇಕು. ನಮಗೆ ಮಕ್ಕಳಿಲ್ಲ. ಇದ್ದದ್ದು ನಾವಿಬ್ಬರು, ನಡುವೆ ಒಂದು ಗೋಡೆ. ಆಚೆ ನಾನು ಗೆರೆ ನೋಡುತ್ತಿದ್ದೆ, ಈಚೆ ಅವಳು ಕಿಟಕಿ ಬಳಿ ಕೂತು ಕ್ಲಬ್ಬಿನ ಹರಿದ ಬಲೆಗಳನ್ನು ಹೊಲಿಯುತ್ತಿದ್ದಳು. ನೀವು ಈಗಲೂ ಆಡುವ ಎರಡನೇ ಅಂಕಣದ ಬಲೆಯಲ್ಲಿ ಎಡತುದಿಗೆ ದಪ್ಪ ಗಂಟುಗಳಿವೆಯಲ್ಲ, ಅವು ಅವಳ ಕೈಯವು. ಕೈ ಬಲೆಯಲ್ಲಿ, ಕಿವಿ ಗೋಡೆಯಾಚೆ. ನನ್ನ ಒಂದೇ ಮಾತಿನಲ್ಲಿ ಅವಳು ಇಡೀ ದಿನ ಓದುತ್ತಿದ್ದಳು. ಸಂಜೆ ಬಾಗಿಲಿಗೆ ಬರುವಷ್ಟರಲ್ಲಿ, "ಹನ್ನೊಂದು ಗಂಟೆಗೆ ತಲೆನೋವು ಬಂತು ಅಲ್ವಾ?" ಅನ್ನುವಳು. "ಯಾರು ಹೇಳಿದ್ರು?" ಎಂದರೆ, "ನೀವೇ ಕೂಗಿದ್ರಲ್ಲ" ಅನ್ನುವಳು. ಇಂಥ ಹೆಂಗಸಿನ ಹತ್ತಿರ ಸುಳ್ಳು ಹೇಳಿ ಬದುಕುವುದುಂಟೇ? ನಾನು ಬದುಕಿದೆ. ಒಂದೇ ಒಂದು ಸುಳ್ಳು, ಹತ್ತೊಂಬತ್ತು ವರ್ಷ.

ಎರಡು ವರ್ಷದ ಹಿಂದೆ ಅವಳಿಗೆ ಮರೆವು ಶುರುವಾಯಿತು. ಮೊದಲು ಒಲೆ ಆರಿಸುವುದು ಮರೆತಳು, ಆಮೇಲೆ ಬೀಗದ ಕೈ, ಆಮೇಲೆ ಸ್ವಂತ ತಂಗಿಯ ಹೆಸರು. ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು, ಹೊರಗೆ ಬರುವಷ್ಟರಲ್ಲಿ ನಾನೂ ಮರೆತೆ. ಎಲ್ಲ ಮರೆತರೂ ಒಂದು ಉಳಿಯಿತು, ಗೋಡೆಯಾಚೆಯ ದನಿ. ಒಂದು ಮಧ್ಯಾಹ್ನ ಅವಳ ಪಕ್ಕ ಕೂತು ಏನೋ ಹೇಳಲು ಬಾಯಿ ತೆರೆದೆ.

"ಶ್! ಸ್ವಲ್ಪ ಸುಮ್ನಿರಿ ಅಣ್ಣಾ. ನಮ್ಮ ಯಜಮಾನ್ರು ಕೆಲಸದಲ್ಲಿದ್ದಾರೆ."

ಅಣ್ಣ ಯಾರೆಂದು ನಾನು ಹಿಂದೆ ತಿರುಗಿ ನೋಡಿದೆ. ಕೋಣೆಯಲ್ಲಿ ನಾವಿಬ್ಬರೇ.

ನಗಬಹುದು, ನಗಿ. ನಾನೂ ಆವತ್ತು ನಕ್ಕೆ. ಮೂವತ್ತೈದು ವರ್ಷ ಸಂಸಾರ ಮಾಡಿದವನು ಅಣ್ಣನಾದರೆ ನಗದೆ ಇನ್ನೇನು ಮಾಡುವುದು? ಆದರೆ ದಿನಾ ಅದೇ ಆಯಿತು. ನಾನು ಮಾತ್ರೆ ಕೊಡುವ ಅಣ್ಣ, ತಲೆ ಬಾಚುವ ಅಣ್ಣ. ಒಮ್ಮೆ ನೆಗಡಿಯಾಗಿ ಎಂಟು ದಿನ ಗಂಟಲು ಪೂರ್ತಿ ಕಟ್ಟಿತು. ಯಂತ್ರಕ್ಕೆ ನೆಗಡಿಯಾಗುತ್ತದೆಯೇ? ಅದು ಬೆಳಗಿನಿಂದ ಸಂಜೆಯವರೆಗೆ ಗಂಟೆ ಬಾರಿಸಿದ ಹಾಗೆ ಕೂಗಿತು. ಅವಳು ಕಿಟಕಿಗೆ ತಲೆಯಾನಿಸಿ, "ಈ ವಾರ ಅವರ ಗಂಟಲು ಎಷ್ಟು ಚೆನ್ನಾಗಿದೆ ಅಲ್ವಾ ಅಣ್ಣಾ?" ಎಂದಳು. ಉತ್ತರ ಕೊಡೋಣವೆಂದರೆ ನನ್ನ ಬಾಯಿಂದ ಬರೀ ಗಾಳಿ ಬಂತು. ಆಮೇಲೆ ಗಂಟಲು ಸರಿಹೋದರೂ ಮನೆಯಲ್ಲಿ ಮೆಲ್ಲಗೆ ಮಾತಾಡುವ ಅಭ್ಯಾಸ ಉಳಿದುಬಿಟ್ಟಿತು. ಅವನು ಕೆಲಸದಲ್ಲಿದ್ದಾನಲ್ಲ, ತೊಂದರೆ ಯಾಕೆ ಎಂದು. ನೋಡಿ, ನಾನೇ 'ಅವನು' ಎನ್ನುತ್ತಿದ್ದೇನೆ.

ಆದರೆ ನಾನೂ ಕಡಿಮೆ ಕಿಲಾಡಿಯಲ್ಲ. ಒಂದು ಉಪಾಯ ಮಾಡಿದೆ. ಸಂಜೆ ಐದೂವರೆಗೆ ಆಟ ಮುಗಿದು ಹಾರ್ನು ಸುಮ್ಮನಾಗುತ್ತಿತ್ತು. ಆಗ ಟ್ರಂಕಿನಲ್ಲಿದ್ದ ಹಳೇ ಸಮವಸ್ತ್ರ ಹಾಕಿಕೊಂಡು, ಟೋಪಿಯಿಟ್ಟುಕೊಂಡು, ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಸುತ್ತು ಹಾಕಿ ಮುಂದಿನ ಬಾಗಿಲಿಗೆ ಬಂದೆ. "ಏನೇ" ಎಂದೆ. ಅವಳ ಮುಖ ಹೇಗೆ ಅರಳಿತೆಂದು ನಾನು ಹೇಳಲಾರೆ. "ಬಂದ್ರಾ! ಇವತ್ತು ಎಷ್ಟು ಬಿಸಿಲು" ಎಂದು ನೀರು ಕೊಟ್ಟಳು. "ಮಧ್ಯಾಹ್ನ ಒಬ್ಬರು ಬಂದು ಕೂತಿದ್ರು, ಪಾಪ ಒಳ್ಳೆಯವರು, ಆದ್ರೆ ಎದ್ದೇ ಹೋಗಲ್ಲ" ಎಂದು ನನ್ನ ಮೇಲೆ ನನಗೇ ದೂರು ಹೇಳಿದಳು. ಹೀಗೆ ದಿನಕ್ಕೆ ಒಂದು ಗಂಟೆ, ದೀಪ ಹಚ್ಚುವವರೆಗೆ, ನಾನು ಗಂಡ. ಆಮೇಲೆ ಅವಳ ಕಣ್ಣು ಮಂಕಾಗುತ್ತಿತ್ತು, ಮತ್ತೆ ಅಣ್ಣ. ಒಂದು ವರ್ಷ ಹೀಗೇ ನಡೆಯಿತು. ಇಪ್ಪತ್ತನಾಲ್ಕು ಗಂಟೆಯಲ್ಲಿ ಒಂದು ಗಂಟೆ ಗಂಡನಾಗಿರುವುದು ಕಡಿಮೆ ಎನ್ನುತ್ತೀರಾ? ಇಲ್ಲಿರುವ ಎಷ್ಟು ಗಂಡಂದಿರು ಅಷ್ಟಾದರೂ ಆಗಿದ್ದೀರಿ, ಕೈ ಎತ್ತಿ ನೋಡೋಣ.

ನಾಲ್ಕು ತಿಂಗಳ ಹಿಂದೆ ಒಂದು ಸಂಜೆ. ಮಕ್ಕಳ ಅಭ್ಯಾಸವನ್ನು ಅರ್ಧ ಗಂಟೆ ಮುಂದುವರಿಸಿದ್ದು ನನಗೆ ಗೊತ್ತಿರಲಿಲ್ಲ. ಹಾರ್ನು ಸ್ವಲ್ಪ ಹೊತ್ತು ಸುಮ್ಮನಿತ್ತು, ಆಟ ಮುಗಿಯಿತೆಂದುಕೊಂಡೆ. ಸಮವಸ್ತ್ರ ತೊಟ್ಟು ಮುಂದಿನ ಬಾಗಿಲಿಗೆ ಬಂದೆ. "ಏನೇ, ಬಂದೆ ಕಣೇ" ಎಂದೆ. ಅವಳು ನಗುತ್ತ ಎದ್ದಳು, ನೀರಿನ ಲೋಟ ಕೈಯಲ್ಲಿತ್ತು.

ಆಗ ಗೋಡೆಯಾಚೆಯಿಂದ, ಔಟ್.

ಅವಳು ಕಿಟಕಿಯ ಕಡೆ ನೋಡಿದಳು. ನನ್ನನ್ನು ನೋಡಿದಳು. ಟೋಪಿ ನೋಡಿದಳು, ಅಂಗಿಯ ಗುಂಡಿ ನೋಡಿದಳು, ಬೂಟು ನೋಡಿದಳು. ಲೋಟವನ್ನು ಚೆಲ್ಲದ ಹಾಗೆ ನಿಧಾನವಾಗಿ ಕೆಳಗಿಟ್ಟಳು. ಕೂಗಲಿಲ್ಲ, ಅಳಲಿಲ್ಲ. ಕಳ್ಳನ ಹತ್ತಿರ ಮಾತಾಡುವ ಹಾಗೆ, ಬಹಳ ಮರ್ಯಾದೆಯಿಂದ ಕೇಳಿದಳು:

"ಅವರ ಬಟ್ಟೆ ನಿಮಗೆಲ್ಲಿ ಸಿಕ್ತು?"

ಹೊಸ್ತಿಲ ಮೇಲೆ ನಿಂತಿದ್ದ ನನಗೂ ಒಂದು ಕ್ಷಣ, ಒಂದೇ ಕ್ಷಣ, ಅದೇ ಸಂಶಯ ಬಂತು. ಆಚೆ ಕೂಗುತ್ತಿರುವವನು ನಾನಾದರೆ ಈ ಬಟ್ಟೆಯೊಳಗಿರುವವನು ಯಾರು? ಅವಳು ಮುಂದಿನ, ಹಿಂದಿನ ಎರಡೂ ಬಾಗಿಲು ಹಾಕಿ ಚಿಲಕ ಜಡಿದಳು. ಅವಳನ್ನು ನೋಡಿಕೊಳ್ಳಲು ಬಂದು ನಮ್ಮಲ್ಲೇ ಇರುವ ಅವಳ ತಂಗಿ ಹಿತ್ತಲಿನಿಂದ ನನ್ನನ್ನು ಒಳಗೆ ಬಿಡಬೇಕಾಯಿತು. ಅಂದಿನಿಂದ ಆ ಒಂದು ಗಂಟೆಯೂ ಹೋಯಿತು. ಆಟ ಮುಗಿದ ಮೇಲೆ ಅವಳು ಬಾಗಿಲ ಸಂದಿಯಲ್ಲಿ ನೋಡುತ್ತ ಕಾಯುತ್ತಾಳೆ. ಯಾರೂ ಬರುವುದಿಲ್ಲ.

ಈಗ ಆ ಚೆಂಡಿನ ಮಾತು.

ಯಂತ್ರ ಮೂರನೇ ಬಗೆಯ ಔಟನ್ನು ಎಲ್ಲೋ ದಿನಕ್ಕೆ ಮೂರು ನಾಲ್ಕು ಸಲ ಕೂಗುತ್ತದೆ. ಕೂಗಿದಾಗಲೆಲ್ಲ ನನ್ನವಳು ಬೇಜಾರಿನಿಂದ ತಲೆಯಾಡಿಸಿ ಅನ್ನುತ್ತಾಳೆ, "ಇದನ್ನ ಅವರು ನೋಡಿಲ್ಲ ಅಣ್ಣಾ." ಯಂತ್ರ ನೋಡಿರುತ್ತದೆ. ಹನ್ನೆರಡು ಕಣ್ಣಿನಿಂದ ನೋಡಿರುತ್ತದೆ, ತೀರ್ಪು ಅಪ್ಪಟ ಸರಿ. ಆದರೆ ಆ ಸತ್ಯವನ್ನು ಅದು ಹೇಳುವುದು ನನ್ನ ಸುಳ್ಳಿನ ದನಿಯಲ್ಲಿ. ಇದು ಗೊತ್ತಿರುವುದು ಲೋಕದಲ್ಲಿ ಇಬ್ಬರಿಗೆ. ಅವರಲ್ಲಿ ಒಬ್ಬಳಿಗೆ ಬೇರೇನೂ ಗೊತ್ತಿಲ್ಲ.

ನಿಮ್ಮ ಕೈಯಲ್ಲಿ ಸ್ಮರಣ ಸಂಚಿಕೆಯಿದೆ. ಮುಖಪುಟದ ಫೋಟೋ ನೋಡಿ. ಹತ್ತೊಂಬತ್ತು ವರ್ಷದ ಹಿಂದಿನ ಫೈನಲ್ ಪಂದ್ಯ, ಮೂರನೇ ಅಂಕಣ. ಬಗ್ಗಿ ನಿಂತಿರುವವನು ನಾನು. ಏನು ಭಂಗಿ, ಏನು ಮೀಸೆ! ಆ ಮೂಲೆಯಲ್ಲಿ ಮಸುಕಾಗಿ ಕಾಣುವುದು ಚೆಂಡು. ಈ ಫೋಟೋ ಕ್ಲಬ್ಬಿನ ಗೋಡೆಯ ಮೇಲಿದೆ, ನನ್ನ ಮನೆಯಲ್ಲಿದೆ. ಸಾವಿರ ಜನ ಹೊಗಳಿದ್ದಾರೆ. ಈಗ ದಯವಿಟ್ಟು ಎಲ್ಲರೂ ನನ್ನ ಕಣ್ಣು ನೋಡಿ. ಕಣ್ಣು ಎಲ್ಲಿವೆ? ಚೆಂಡಿನ ಮೇಲಿವೆಯೇ?

ಇಲ್ಲ. ನಿಮ್ಮನ್ನೇ ನೋಡುತ್ತಿವೆ.

ಪತ್ರಿಕೆಯ ಫೋಟೋಗ್ರಾಫರನೊಬ್ಬ ನನ್ನ ಕಡೆ ಕ್ಯಾಮೆರಾ ತಿರುಗಿಸಿದ್ದ. ಹೊಟ್ಟೆ ಒಳಗೆಳೆದುಕೊಂಡೆ, ಗದ್ದ ಎತ್ತಿದೆ, ಅವನತ್ತ ನೋಡಿದೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿದ ಹಾಗೆ. ಚೆಂಡು ಬಿದ್ದ ಸದ್ದು ಕೇಳಿತು, ಬಿದ್ದದ್ದು ಕಾಣಲಿಲ್ಲ. ಕೈಯಿಂದ ಕಣ್ಣು ಮುಚ್ಚಿಕೊಂಡರೆ ಮುಗಿಯುತ್ತಿತ್ತು. ಆದರೆ ಕಣ್ಣು ಮುಚ್ಚದ ಮನುಷ್ಯನಲ್ಲವೇ? ಫೋಟೋ ಬೇರೆ ತೆಗೆಯುತ್ತಿದ್ದಾರೆ! ಕೈ ಚಾಚಿ, ಲೋಕವೇ ನಂಬುವ ಹಾಗೆ ಕೂಗಿದೆ. ಎದುರಾಳಿಗೆ ಪಾಯಿಂಟು ಹೋಯಿತು, ಆಟ ಹೋಯಿತು, ಕಪ್ಪು ಹೋಯಿತು. ಆ ಚೆಂಡು ಹೊಡೆದ ಹುಡುಗಿಗೆ ಆಗ ಹದಿನೆಂಟು ವರ್ಷ. ಎಡಗೈಯಲ್ಲಿ ಆಡುತ್ತಿದ್ದಳು. ಎಡಗೈಯಲ್ಲಿ ಈಗ ಆ ಸಂಚಿಕೆಯನ್ನು ಹಿಡಿದುಕೊಂಡಿದ್ದಾಳೆ.

ಅಂದು ಸಂಜೆ ಮನೆಗೆ ಹೋದರೆ ನನ್ನವಳು ಬಲೆ ಕೆಳಗಿಡದೆ ಕೇಳಿದಳು. "ಆ ಕೊನೇದು ನೀವು ನೋಡ್ಲಿಲ್ಲ ಅಲ್ವಾ?" ನಾನು ಹಾರಾಡಿದೆ. "ಗೋಡೆ ಹಿಂದೆ ಕೂತು ಬಲೆ ಹೊಲಿಯೋಳು ನನಗೆ ಹೇಳ್ತೀಯಾ?" ಎಂದೆ. ಅವಳು ದಾರ ಕಚ್ಚಿ ತುಂಡು ಮಾಡಿ, "ಸರಿ ಬಿಡಿ. ಯಾವತ್ತಾದ್ರೂ ಹೇಳ್ತೀರಿ" ಎಂದಳು. ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ.

ಕೋಚಮ್ಮ, ಹಲವು ವರ್ಷದ ಮೇಲೆ ನೀನು ಕ್ಯಾಂಟೀನಿನಲ್ಲಿ ನನಗೆ ಕಾಫಿ ಕೊಡಿಸಿ ಹೇಳಿದ ಮಾತು ನೆನಪಿದೆಯಾ? "ಆ ಚೆಂಡು ಒಳಗೆ ಬಿತ್ತು ಅಂತ ಎರಡು ವರ್ಷ ನಂಗೆ ಹುಚ್ಚು ಹಿಡಿದಿತ್ತು ಮಾಮ. ಆಮೇಲೆ ಯೋಚಿಸ್ದೆ, ಹೇಳಿದೋರು ನೀವು. ನೀವು ಹೇಳಿದ್ರೆ ಔಟೇ. ಅವತ್ತಿಂದ ನಿದ್ದೆ ಬಂತು." ನಾನು ಕಾಫಿ ಕುಡಿದೆ. ಇನ್ನೊಂದು ಲೋಟ ಕೂಡ ಕೇಳಿದೆ. ತಾಯೀ, ಅದು ಒಳಗೆ ಬಿತ್ತೋ ಹೊರಗೆ ಬಿತ್ತೋ ನನಗೆ ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ. ಯಂತ್ರಕ್ಕೆ ಹಳೇ ಫೋಟೋ ತೋರಿಸಿ ಹೇಳಿಸಬಹುದೇ ಎಂದು ಇಂಜಿನಿಯರಮ್ಮನನ್ನು ಕೇಳಿದೆ. "ಆಗಲ್ಲ ಮಾಮ, ಅವತ್ತು ಅಲ್ಲಿದ್ದ ಕಣ್ಣು ನಿಮ್ಮದೊಂದೇ" ಎಂದರು. ಅದೂ ಇರಲಿಲ್ಲ ಎಂದು ನಾನು ಹೇಳಲಿಲ್ಲ.

ಬಾಗಿಲು ಹಾಕಿಸಿಕೊಂಡ ಮೇಲೆ ನನಗೆ ಬುದ್ಧಿ ಬಂತು. ಒಂದು ದಿನ ಮೂರನೇ ಬಗೆಯ ಔಟು ಕೇಳಿ ಅವಳು, "ಇದನ್ನ ಅವರು ನೋಡಿಲ್ಲ" ಎಂದಾಗ ಅವಳ ಕಾಲ ಬಳಿ ಕೂತು ಹೇಳಿಬಿಟ್ಟೆ. "ಹೌದು ಕಣೇ, ನಾನು ನೋಡ್ಲಿಲ್ಲ. ಫೋಟೋದವನನ್ನ ನೋಡ್ತಿದ್ದೆ." ಹತ್ತೊಂಬತ್ತು ವರ್ಷದ ಮೇಲೆ ಹೇಳಿದೆ ಸಭಿಕರೇ! ಈ ಮಾತಿಗೆ ಅವಳು ನನ್ನನ್ನು ಗುರುತಿಸಿಯೇ ಗುರುತಿಸುತ್ತಾಳೆ ಎಂದುಕೊಂಡೆ. ಅವಳು ಮುಖ ಗಂಟಿಕ್ಕಿದಳು.

"ನೀವ್ಯಾರು ಹೇಳೋಕೆ? ಅವರ ತಪ್ಪನ್ನ ಅವರೇ ಹೇಳ್ಲಿ. ಹೇಳ್ತಾರೆ. ಆಮೇಲೆ ಮನೆಗೆ ಬರ್ತಾರೆ."

ಅವರೇ ಹೇಳಲಿ. ಅವರು ಎಲ್ಲಿದ್ದಾರೆ? ಗೋಡೆಯಾಚೆ, ಕಂಬದ ಮೇಲೆ, ಒಂದು ತಗಡಿನ ಹಾರ್ನಿನಲ್ಲಿ. ನಾನು ಹೇಳಿದರೆ ನಡೆಯುವುದಿಲ್ಲ, ಅಲ್ಲಿಂದಲೇ ಬರಬೇಕು. ಇಂಜಿನಿಯರಮ್ಮನ ಹತ್ತಿರ ಹೋಗಿ, "ಇನ್ನೂ ನಾಲ್ಕು ವಾಕ್ಯ ರೆಕಾರ್ಡು ಮಾಡಿ" ಎಂದು ಕಾಡಿದೆ. ಪಾಪ, ಮಾಡಿದರು. ಹಳೆಯದು, ಹೊಸದು ಎರಡನ್ನೂ ಅಕ್ಕಪಕ್ಕ ಹಾಕಿ ಕೇಳಿ, ಕಿವಿಯ ಡಬ್ಬಿ ತೆಗೆದು, ನನ್ನ ಮುಖ ನೋಡದೆ ಹೇಳಿದರು. "ನಿಮ್ಮ ದನಿ ನಿಮ್ಮ ದನಿಗೆ ಹೊಂದ್ತಿಲ್ಲ ಮಾಮ." ಮೂರು ವರ್ಷದಲ್ಲಿ ನನಗೆ ವಯಸ್ಸಾಗಿದೆ, ಅವನಿಗೆ ಆಗಿಲ್ಲ.

ಅಷ್ಟರಲ್ಲಿ ಹೊಸ ದನಿಯ ಸುದ್ದಿ ಬಂತು. ಸಂಘದವರು ಸದ್ದಿಲ್ಲದೆ ಬದಲಾಯಿಸುವವರಿದ್ದರು. ಕಾರ್ಯದರ್ಶಿಗಳ ಮನೆಗೆ ಆರು ಸಲ ಅಲೆದು, ಜಗಳವಾಡಿ, ಈ ಸಮಾರಂಭ ಮಾಡಿಸಿಕೊಂಡವನು ನಾನೇ. ಹೊಗಳಿಸಿಕೊಳ್ಳಲು ಎಂದು ನೀವು ಅಂದುಕೊಂಡಿರಿ. ಸ್ವಲ್ಪ ಅದೂ ಇತ್ತು. ಆದರೆ ಒಂದು ಷರತ್ತು ಹಾಕಿದ್ದೆ. ಭಾಷಣದ ಕೊನೆಯ ಎರಡು ನಿಮಿಷ ಈ ಮೈಕನ್ನು ಮೂರನೇ ಅಂಕಣದ ಹಾರ್ನಿಗೆ ಕೂಡಿಸಬೇಕು. ಕಾರ್ಯದರ್ಶಿಗಳು, "ಯಾಕ್ರೀ, ಅಲ್ಲಿ ಯಾರೂ ಇರಲ್ಲ" ಎಂದರು. ಇಂಜಿನಿಯರಮ್ಮ ಮಾತ್ರ ಸೀದಾ ತಂತಿ ಎಳೆದಿಟ್ಟರು. ಹಾರ್ನಿನಲ್ಲಿ ಬಂದರೆ ಯಾರ ದನಿಗೂ ಒಂದಿಷ್ಟು ತಗಡು ಸೇರುತ್ತದಂತೆ. ಆ ತಗಡನ್ನು ನಂಬಿ ನಿಂತಿದ್ದೇನೆ. ಅವಳು ಈಗ ಕಿಟಕಿಯ ಬಳಿ ಇದ್ದಾಳೆ, ತಂಗಿ ಜೊತೆಗಿದ್ದಾಳೆ. ಮೂರು ಗಂಟೆಯಿಂದ ಹಾರ್ನು ಸುಮ್ಮನಿದೆ, ಗಾಬರಿಯಾಗಿರಬಹುದು.

ಸಭಿಕರಿಗೆ ನನ್ನ ವಂದನೆಗಳನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ನಾನು ಇಲ್ಲಿರುವುದಿಲ್ಲ. ಅಧ್ಯಕ್ಷರಿಗೆ, ಅತಿಥಿಗಳಿಗೆ, ನನ್ನ ಕಣ್ಣುಗಳನ್ನು ನೋಡಿಯೂ ಎದ್ದುಹೋಗದ ಕೋಚಮ್ಮನಿಗೆ, ಎಲ್ಲರಿಗೂ ನಾನು ಋಣಿ. ಚಹಾಕ್ಕೆ ಕರೆಯಬೇಡಿ. ಚಪ್ಪಾಳೆ ದಯವಿಟ್ಟು ಬೇಡ, ಹಾರ್ನಿನಲ್ಲಿ ಹೋಗುತ್ತದೆ. ಅವಳು ಹೆದರುತ್ತಾಳೆ.

ಇಂಜಿನಿಯರಮ್ಮ, ಈಗ ಕೂಡಿಸಿ.

ಏನೇ, ಕೇಳಿಸ್ತಿದೆಯಾ? ನಾನು ಕಣೇ, ಅಂಕಣದಿಂದ. ಆ ಎಡಗೈ ಹುಡುಗಿಯ ಕೊನೇ ಚೆಂಡು ನಾನು ನೋಡಲಿಲ್ಲ. ನೀನು ಹೇಳಿದ್ದೇ ಸರಿ. ಎಲ್ಲರ ಮುಂದೆ ಹೇಳಿದೀನಿ, ಆ ಹುಡುಗಿಗೂ ಹೇಳಿದೀನಿ. ಇವತ್ತಿಗೆ ನನ್ನ ಕೆಲಸ ಮುಗೀತು. ನಾಳೆಯಿಂದ ಬೇರೆಯವರು ಕೂಗ್ತಾರೆ, ಹೆಣ್ಣು ದನಿ, ನೀನು ಹೆದರಬೇಡ. ಇನ್ನು ಮೇಲೆ ಇಲ್ಲಿಂದ ನನ್ನ ದನಿ ಬರಲ್ಲ, ಕಾಯಬೇಡ. ಈಗ ಒಬ್ಬ ಮುದುಕ ಬಾಗಿಲು ತಟ್ತಾನೆ. ಮಾತ್ರೆ ಕೊಡೋನು, ತಲೆ ಬಾಚೋನು, ನೀನು ಅಣ್ಣ ಅಂತೀಯಲ್ಲ, ಅವನು. ಅವನ ಗಂಟಲು ನನ್ನಷ್ಟು ಚೆನ್ನಾಗಿಲ್ಲ. ಆದ್ರೂ ಅವನನ್ನ ಒಳಗೆ ಕರ್ಕೋ. ಅವನು ಬೇರೆ ಯಾರೂ ಅಲ್ಲ, ನಾನೇ. ನಾನು ಹೇಳ್ತಿದೀನಿ, ನನ್ನ ಮಾತು ನಂಬು. ಚಿಲಕ ತೆಗೆದಿಡು, ಗೋಡೆ ಸುತ್ತಿ ಬರೋಕೆ ನಾಲ್ಕು ನಿಮಿಷ ಸಾಕು.

ಹೊರಟೆ. ನಮಸ್ಕಾರ.